ಘಟ್ಟದ ದಾರಿಯಲ್ಲಿ ಜೋಡಿಸವಾರಿ

ಕುಂದಾಪುರದ ಬಯಲಿನಿಂದ ಹೊರಟು, ಹೊಸಂಗಡಿಯಲ್ಲಿ ಘಟ್ಟದ ಬುಡವನ್ನು ಮುಟ್ಟಿ, ಬಾಳೆಬರೆಯ ತಿರುವುಗಳನ್ನು ಒಂದೊಂದಾಗಿ ಹತ್ತಿ, ಹುಲಿಕಲ್ಲನ್ನು ದಾಟಿ ಮಾಸ್ತಿಕಟ್ಟೆಯನ್ನು ಸೇರತಕ್ಕ ದಾರಿಯು, ಬಸ್ಸಿನಲ್ಲಿ ಕುಳಿತವನಿಗೆ ಕಾಡಿನ ಸೊಬಗನ್ನು ನೋಡುವಷ್ಟರಲ್ಲಿ ಮುಗಿದುಹೋಗುವಂಥದಾದರೂ, ಸ್ವಂತ ಕಾಲುಗಳ ಬಲದಿಂದಲೇ ಮೇಲೇರಬೇಕಾದವನಿಗೆ ಇಂದಿಗೂ ಕಠಿನವಾದ ಪರೀಕ್ಷೆಯೇ ಸರಿ. ಈ ಸೀಮೆಯಲ್ಲಿ ಯಾವ ವಾಹನದ ಚರಿತ್ರೆಯನ್ನು ಬರೆಯಹೊರಟರೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಅದು ಈ ಏರನ್ನು ಹೇಗೆ ಏರಿತು, ಏರುವಾಗ ಯಾರನ್ನು ತನ್ನೊಡನೆ ಕೊಂಡೊಯ್ದಿತು? ಅರಸರ ದಂಡಯಾತ್ರೆ, ದೇವಸ್ಥಾನಗಳ ದತ್ತಿ, ಅಣೆಕಟ್ಟುಗಳ ಎತ್ತರ ಇವುಗಳನ್ನು ಕುರಿತು ಗ್ಯಾಸೆಟಿಯರುಗಳು ವಿಸ್ತಾರವಾಗಿ ಹೇಳುತ್ತವೆ. ಗಂಡಹೆಂಡಿರಿಬ್ಬರು ಒಂದೇ ಸೈಕಲ್ಲಿನ ಮೇಲೆ ಕುಳಿತು ಸಂತೆಗೋ ತವರಿಗೋ ಹೋದ ಸಂಗತಿಯನ್ನು ಅವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ಮಲೆನಾಡಿನ ಸಂಸಾರಗಳ ರೀತಿಯು ಕಳೆದ ನೂರು ವರ್ಷಗಳಲ್ಲಿ ಹೇಗೆ ಮಾರ್ಪಟ್ಟಿತೆಂಬುದನ್ನು ಅರಿಯಲು ಈ ಸಣ್ಣ ಸಂಗತಿಯು ಬಹಳ ಉಪಯುಕ್ತವಾದ ಸಾಕ್ಷ್ಯವೆಂದು ನಾನು ನಂಬಿದ್ದೇನೆ. ವಿದ್ಯುತ್ತಿನ ನೆರವಿನಿಂದ ಇಬ್ಬರು ಕೂಡಿ ತುಳಿಯತಕ್ಕ ಜೋಡಿಸೈಕಲ್ಲುಗಳು ಲೋಕದಲ್ಲಿ ಪ್ರಚಾರಕ್ಕೆ ಬರುತ್ತಿರುವ ಈ ಕಾಲದಲ್ಲಿ ಅದನ್ನು ಮೊದಲಿನಿಂದ ಪರಿಶೀಲಿಸುವುದು ಯುಕ್ತವೂ ಆಗಿದೆ.

ಚಕ್ರವು ಬರುವುದಕ್ಕೆ ಮೊದಲು ಈ ಘಟ್ಟವನ್ನು ಏರಿದವು ಹೇರೆತ್ತುಗಳು. ಕೆಳದಿಯ ಅರಸರು ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ, ನೆಲೆಸಿ ಆಳುತ್ತಿದ್ದ ದಿನಗಳಲ್ಲಿ ಮೇಲುಸೀಮೆಯ ಅಕ್ಕಿ, ಅಡಿಕೆ, ಮೆಣಸುಗಳು ಘಟ್ಟವಿಳಿದು ಬಸರೂರು, ಗಂಗೊಳ್ಳಿಗಳ ಬಂದರುಗಳನ್ನು ಸೇರುತ್ತಿದ್ದುವು. ಉಪ್ಪು, ತೆಂಗು, ಒಣಮೀನುಗಳು ಎತ್ತುಗಳ ಬೆನ್ನಿನ ಮೇಲೆಯೇ ಹತ್ತಿ ಬರುತ್ತಿದ್ದುವು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನ ಸೈನ್ಯವು ಹೊಸಂಗಡಿಯ ಘಟ್ಟವನ್ನೇ ಹತ್ತಿ ಬಿದನೂರನ್ನು ವಶಪಡಿಸಿಕೊಂಡಿತು. ಕೆಲವೇ ತಿಂಗಳುಗಳಲ್ಲಿ ಟಿಪ್ಪುಸುಲ್ತಾನನು ಅದನ್ನು ಮರಳಿ ಗೆದ್ದನು. ಆದರೆ ಸೈನ್ಯಗಳು ಶತಮಾನಕ್ಕೊಮ್ಮೆ ಬರತಕ್ಕವು. ನಿತ್ಯವೂ ಈ ದಾರಿಯನ್ನು ತುಳಿದವರು ನಡೆಯುವ ಜನರು. ನಡೆಯುವ ಜನರಲ್ಲಿ ದಂಪತಿಗಳಿಗೆ ಒಂದು ಕ್ರಮವಿತ್ತು. ಗಂಡನು ಕಂಬಳಿಕೊಪ್ಪೆ ಹೊದ್ದು ಕತ್ತಿ ಹಿಡಿದು ಮುಂದೆ, ಹೆಂಡತಿಯು ಗೊರಬು ಸೂಡಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹಿಂದೆ. ಸ್ತ್ರೀಯು ಪತಿಯನ್ನು ಅನುಸರಿಸಿ ನಡೆಯಬೇಕೆಂಬ ಶಾಸ್ತ್ರವೇ ಇದಕ್ಕೆ ಕಾರಣವೆಂದು ಹೇಳುವವರುಂಟು. ಇಬ್ಬರು ಸರಿಸಮನಾಗಿ ನಡೆಯಲು ಎಡೆಗೊಡದ ಕಾಲುದಾರಿ, ಒಬ್ಬರೊಬ್ಬರಾಗಿ ದಾಟಬೇಕಾದ ಸಂಕ, ಹುಲ್ಲಿನಲ್ಲಿ ಕಾದಿರುವ ಉಂಬಳ, ಇವೂ ಕಾರಣಗಳೇ ಎಂಬುದನ್ನು ಮಲೆನಾಡನ್ನು ಕಂಡವರು ಬಲ್ಲರು. ದಾರಿ ಅಗಲವಾಗಿ ಗಾಡಿಗಳು ಬಂದ ಮೇಲೆಯೂ ಆ ಕ್ರಮವು ಅಳಿಯದೆ ಉಳಿದುದನ್ನು ನೋಡಿದರೆ ಮಾತ್ರ, ಕಾಲುದಾರಿಯು ಕಲಿಸಿದುದನ್ನು ಮನಸ್ಸು ಬೇಗನೆ ಮರೆಯುವುದಿಲ್ಲವೆಂದು ಒಪ್ಪಬೇಕಾಗುತ್ತದೆ.

ಇಂದು ನಾವು ಸೈಕಲ್ಲೆಂದು ಗುರುತಿಸುವ ವಾಹನವು ಇಂಗ್ಲೆಂಡಿನಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ಕೈಯಿಂದ 1885ರಲ್ಲಿ ರೂಪುಗೊಂಡಿತು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬುವ ರಬ್ಬರು ಟೈರನ್ನು ಬಳಕೆಗೆ ತಂದ ಮೇಲೆ ಅದರ ಸವಾರಿ ಸುಖಕರವಾಯಿತು. ಮಲೆನಾಡಿನ ಓದುಗರಿಗೆ ಈ ವಾಹನದ ಪ್ರಥಮ ಪ್ರವೇಶವನ್ನು ಕುರಿತು ನೆನಪಾಗುವುದು ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’. ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯನ್ನು ಚಿತ್ರಿಸುವ ಆ ಕಾದಂಬರಿಯಲ್ಲಿ ಪಾದ್ರಿಯ ‘ಬೀಸೆಕಲ್ಲ’ನ್ನು, ಅಂದರೆ ಬೈಸಿಕಲ್ಲನ್ನು, ಕಂಡು ಹಳ್ಳಿಯೇ ಬೆರಗಾಗುತ್ತದೆ, ಬೆಟ್ಟಳ್ಳಿಯ ದೇವಯ್ಯನು ಅದರ ಸವಾರಿಗೆ ಮನಸೋಲುತ್ತಾನೆ. ನಾವು ಇಲ್ಲಿ ಗಮನಿಸಬೇಕಾದುದು ಬೇರೊಂದು ವಿಷಯ: ಚಕ್ರದ ಮೇಲೆ ಕುಳಿತವನು ಒಬ್ಬನೇ, ಅದೇ ಕಾದಂಬರಿಯಲ್ಲಿ ಒಬ್ಬರಿಗಾಗಿ ಒಬ್ಬರು ಮನೆಮಾರು ತೊರೆದು ಕಾಡು ಬೀಳುವ ಗುತ್ತಿ ತಿಮ್ಮಿಯರು ನಡೆದೇ ಹೋಗುತ್ತಾರೆ. ಮಲೆನಾಡಿಗೆ ಬಂದ ಸೈಕಲ್ಲು ಏಕಾಕಿಯ ವಾಹನವಾಗಿಯೇ ಬಂದಿತು.

ಆದರೆ ಅದು ಹುಟ್ಟಿದ ದೇಶಗಳಲ್ಲಿ ಆಗಲೇ ಇಬ್ಬರ ಸವಾರಿಯೂ ಹುಟ್ಟಿತ್ತು. ಅಮೆರಿಕದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಚಿತ್ರಕಾರ ಜೋಸೆಫ್ ಪೆನ್ನೆಲ್ ಮತ್ತು ಲೇಖಕಿ ಎಲಿಜಬೆತ್ ರಾಬಿನ್ಸ್ ಪೆನ್ನೆಲ್ ಎಂಬ ದಂಪತಿಗಳು, ಮದುವೆಯಾದ ವರ್ಷವಾದ 1884ರಲ್ಲಿಯೇ, ಇಬ್ಬರೂ ತುಳಿಯತಕ್ಕ ಮೂರು ಗಾಲಿಯ ಜೋಡಿವಾಹನವೊಂದನ್ನೇರಿ ಲಂಡನ್ನಿನಿಂದ ಕ್ಯಾಂಟರ್ಬರಿಗೆ ಯಾತ್ರೆ ಹೋದರು. ಆಕೆ ಬರೆದಳು, ಆತ ಚಿತ್ರಿಸಿದನು, ಮರುವರ್ಷ ಅದು ಪುಸ್ತಕವಾಯಿತು. ತುಳಿತದಲ್ಲಿಯೂ ಬರವಣಿಗೆಯಲ್ಲಿಯೂ ಸಮಪಾಲನ್ನು ಹೊತ್ತ ಆ ದಾಂಪತ್ಯವನ್ನು ನೆನೆದಾಗ ನನಗೆ ಗೌರವವುಂಟಾಗುತ್ತದೆ. ಅನಂತರ ಎರಡು ಗಾಲಿಗಳ ಟ್ಯಾಂಡೆಮ್ ಸೈಕಲ್ಲು ಪ್ರಸಿದ್ಧವಾಯಿತು: ಒಂದೇ ಚೌಕಟ್ಟು, ಹಿಂದುಮುಂದಾಗಿ ಎರಡು ಸೀಟು, ಎರಡು ಜೊತೆ ಪೆಡಲು, ಇಬ್ಬರ ಶ್ರಮವನ್ನೂ ಹಿಂದಿನ ಗಾಲಿಗೆ ಮುಟ್ಟಿಸುವ ಚೈನುಗಳು. ಹ್ಯಾಂಡಲ್ಲಿನ ಅಧಿಕಾರವೂ ಬ್ರೇಕೂ ಮುಂದಿನವರದು; ಹಿಂದಿನವರು ದಾರಿಯನ್ನು ಕಾಣದೆ ಮುಂದಿನವರನ್ನು ನಂಬಿ ತುಳಿಯಬೇಕು. ಸ್ತ್ರೀಯನ್ನು ಹಿಂದೆ ಕೂರಿಸುವುದು ಅಗೌರವವೆಂದು ಭಾವಿಸಿದ ಕೆಲವು ತಯಾರಕರು ಆಕೆಯ ಆಸನವನ್ನು ಮುಂದಿಟ್ಟು, ಹಿಂದೆ ಕುಳಿತ ಗಂಡನ ಕೈಗೂ ಹ್ಯಾಂಡಲ್ಲು ನಿಲುಕುವಂತೆ ಸರಳುಗಳನ್ನು ಜೋಡಿಸಿದರು. ಸ್ಥಾನವನ್ನು ಕೊಟ್ಟು ಅಧಿಕಾರವನ್ನು ಕೊಡದಿದ್ದುದು ಆ ಕಾಲದ ಮರ್ಯಾದೆಯ ಮಿತಿ. 1895ರ ಜುಲೈ ತಿಂಗಳಲ್ಲಿ ಮದುವೆಯಾದ ಪಿಯರ್ ಮತ್ತು ಮೇರಿ ಕ್ಯೂರಿಯರು, ಉಡುಗೊರೆಯಾಗಿ ಬಂದ ಹಣದಿಂದ ಸೈಕಲ್ಲುಗಳನ್ನು ಕೊಂಡು ಫ್ರಾನ್ಸಿನ ಹಳ್ಳಿಗಾಡನ್ನು ಸುತ್ತಿದರೆಂಬುದು ಲೋಕಪ್ರಸಿದ್ಧ. ಅವರ ಸವಾರಿ ಬೇರೆ ಬೇರೆ ಸೈಕಲ್ಲುಗಳ ಮೇಲೆ, ಪ್ರಯಾಣ ಮಾತ್ರ ಒಂದೇ.

ನಮ್ಮಲ್ಲಿ ನಡೆದುದು ಇವೆರಡೂ ಅಲ್ಲದ ಮೂರನೆಯ ಬಗೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಸೈಕಲ್ಲೆಂದರೆ ವಿಲಾಯತಿಯ ರ್‍ಯಾಲಿ, ಹಂಬರ್, ಹರ್ಕ್ಯುಲಿಸ್. ಅದನ್ನು ಕೊಳ್ಳಬಲ್ಲವರು ಅಮಲ್ದಾರರು, ಮೇಷ್ಟರು, ಅಡಿಕೆ ಮಂಡಿಯ ಸಾಹುಕಾರರು. ಸ್ವಾತಂತ್ರ್ಯದ ತರುವಾಯ ಮದರಾಸಿನ ಬಳಿ ಟಿಐ ಸೈಕಲ್ಸ್, ಸೋನಿಪತ್ತಿನಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ ಹೀರೋ ಕಾರ್ಖಾನೆಗಳು ಒಂದರ ಹಿಂದೊಂದು ತಲೆಯೆತ್ತಿದ ಮೇಲೆ ಸೈಕಲ್ಲು ಸಾಮಾನ್ಯರ ಅಂಗಳಕ್ಕೆ ಬಂದಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳಂಥ ಪೇಟೆಗಳಲ್ಲಿ ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಸೈಕಲ್ ಶಾಪುಗಳಾದುವು. ಸೀಟಿಗೆ ಕಾಲು ನಿಲುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಮಂಡಿ ಕೆತ್ತಿಸಿಕೊಂಡು ಅಲ್ಲಿಯೇ ಸವಾರಿ ಕಲಿತರು. ಮದುವೆಯ ಮಾತುಕತೆಯಲ್ಲಿ ವರೋಪಚಾರದ ಪಟ್ಟಿಗೆ ವಾಚಿನೊಡನೆ, ರೇಡಿಯೋದೊಡನೆ ಸೈಕಲ್ಲೂ ಸೇರಿತು. ಹೀಗೆ ಮಗಳ ತಂದೆಯು ಅಡಿಕೆ ಮಾರಿದ ದುಡ್ಡಿನಲ್ಲಿ ಕೊಂಡ ಸೈಕಲ್ಲಿನ ಕ್ಯಾರಿಯರಿನ ಮೇಲೆ ಮಗಳು ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು ಕುಳಿತು, ಗಂಡನ ಸೊಂಟವನ್ನು ಹಿಡಿಯಲು ನಾಚಿ ಸೀಟಿನ ಸ್ಪ್ರಿಂಗನ್ನು ಹಿಡಿದುಕೊಂಡು, ಒಂದು ಕೈಯಲ್ಲಿ ಸೆರಗನ್ನು ಗಾಲಿಯ ಕಡ್ಡಿಗಳಿಂದ ಕಾಪಾಡುತ್ತ ತವರಿಗೆ ಹೋಗಿ ಬರುವಂತಾಯಿತು.

ಈ ಡಬ್ಬಲ್ ರೈಡನ್ನು ಹಗುರಾಗಿ ಕಾಣಲು ನನ್ನ ಮನಸ್ಸೊಪ್ಪದು. ಗಂಡಹೆಂಡಿರು ಹಗಲಿನಲ್ಲಿ, ನಾಲ್ಕು ಜನರ ಕಣ್ಣೆದುರಿನಲ್ಲಿ, ಒಂದು ಗೇಣಿನ ಅಂತರದಲ್ಲಿ ಕುಳಿತು ಮಾತನಾಡಿಕೊಂಡು ಹೋಗಬಹುದೆಂಬುದು ಕೂಡುಕುಟುಂಬದ ಮನೆಗಳಲ್ಲಿ ಅಂದಿನವರೆಗೆ ಊಹಿಸಲಾಗದ ಸ್ವಾತಂತ್ರ್ಯವಾಗಿತ್ತು. ಅತ್ತೆಮಾವಂದಿರಿರುವ ಜಗಲಿಯಲ್ಲಿ ಗಂಡನೊಡನೆ ಎರಡು ಮಾತಾಡಲು ಅವಕಾಶವಿಲ್ಲದ ಸೊಸೆಗೆ ದಾರಿಯೇ ಏಕಾಂತವನ್ನು ಒದಗಿಸಿಕೊಟ್ಟಿತು. ಊರಿನ ಉಣುಗೋಲು ಕಾಣುತ್ತಲೇ “ಇಳ್ಸಿ ಮಾರಾಯ್ರೇ, ಅತ್ತೆಮ್ಮ ಜಗಲೀಲೇ ಇರ್ತಾರೆ” ಎಂದು ಆಕೆ ಇಳಿದು, ಅಲ್ಲಿಂದ ಮನೆಯವರೆಗೆ ಗಂಡನು ಸೈಕಲ್ಲನ್ನು ತಳ್ಳಿಕೊಂಡು ಮುಂದೆಯೂ ತಾನು ಹಿಂದೆಯೂ, ಹಳೆಯ ಕಾಲುದಾರಿಯ ಕ್ರಮದಲ್ಲಿಯೇ, ನಡೆಯುವುದು ಎಷ್ಟೋ ಮನೆಗಳ ವಾಡಿಕೆಯಾಗಿತ್ತು. ಪೇಟೆಯಲ್ಲಿ ಅಂಜಿಕೆ ಬೇರೆ ತೆರದ್ದು. ಸೈಕಲ್ಲಿಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಪುರಸಭೆಯ ಬಿಲ್ಲೆಯನ್ನು ಹಾಕಿಸಬೇಕಾಗಿದ್ದ, ಸಂಜೆಯಾದ ಮೇಲೆ ದೀಪವಿಲ್ಲದೆ ಹೋದರೆ ದಂಡ ತೆರಬೇಕಾಗಿದ್ದ ಆ ದಿನಗಳಲ್ಲಿ ಇಬ್ಬರು ಕೂಡಿ ಸವಾರಿ ಮಾಡುವುದೂ ಅಪರಾಧವೇ. ಪೊಲೀಸಿನವನನ್ನು ಕಂಡೊಡನೆ ಹೆಂಡತಿಯು ಹಾರಿ ಇಳಿಯಬೇಕಾಗಿತ್ತು. ಮನೆಯ ಹಿರಿಯರ ಮರ್ಯಾದೆ ಒಂದು ಕೊನೆಯಲ್ಲಿ, ಸರಕಾರದ ಕಾನೂನು ಇನ್ನೊಂದು ಕೊನೆಯಲ್ಲಿ. ಇವೆರಡರ ನಡುವಣ ಒಂದೆರಡು ಹರಿದಾರಿಯ ಜಲ್ಲಿರಸ್ತೆಯೇ ಆ ದಂಪತಿಗಳ ರಾಜ್ಯ.

ಆದರೆ ಈ ಸವಾರಿಯಲ್ಲಿ ಒಂದು ಕೊರತೆ ಇದ್ದೇ ಇತ್ತು. ತುಳಿಯುವವನು ಒಬ್ಬ, ಹೊರೆಯಾದವಳು ಒಬ್ಬಳು. ಏರು ಬಂದೊಡನೆ ಆಕೆ ಇಳಿಯಬೇಕು. ಮಲೆನಾಡಿನಲ್ಲಿ ಏರು ಬಾರದ ದಾರಿಯೆಲ್ಲಿ? ಇಳಿಜಾರಿನಲ್ಲಿ ಜೀವಭಯ, ಒದ್ದೆಯಾದ ಉಕ್ಕಿನ ರಿಮ್ಮನ್ನು ರಬ್ಬರು ಬ್ರೇಕು ಹಿಡಿಯದು, ಕೆಮ್ಮಣ್ಣಿನ ಜಾರು ಟೈರನ್ನು ನಿಲ್ಲಗೊಡದು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರುಗಳ ಮಳೆಯನ್ನು ಕಾಣತಕ್ಕ ಆಗುಂಬೆ, ಹುಲಿಕಲ್ಲು, ಮಾಸ್ತಿಕಟ್ಟೆಗಳ ಸೀಮೆಯಲ್ಲಿ ಆರಿದ್ರೆ ಹಿಡಿದ ಮೇಲೆ ಸೈಕಲ್ಲು ಕೊಟ್ಟಿಗೆಯ ಗೋಡೆಗೊರಗಿ ನಿಂತರೆ ಅದು ಹೊರಗೆ ಬರುವುದು ನವರಾತ್ರಿಯ ಹೊತ್ತಿಗೆ. ಇಬ್ಬರೂ ತುಳಿಯುವ ಟ್ಯಾಂಡೆಮ್ ಈ ನಾಡಿನಲ್ಲಿ ಬೇರೂರದಿದ್ದುದಕ್ಕೂ ಈ ಏರೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಸಮತಟ್ಟಿನ ಮೇಲೆ ಇಬ್ಬರ ಬಲಕ್ಕೆ ಹೆಚ್ಚುಕಡಿಮೆ ಒಬ್ಬರಷ್ಟೇ ಗಾಳಿಯ ತಡೆಯಿರುವುದರಿಂದ ಜೋಡಿಸೈಕಲ್ಲು ಒಂಟಿಗಿಂತ ವೇಗವಾಗಿ ಓಡುತ್ತದೆ. ಏರಿನಲ್ಲಾದರೋ ಗಾಳಿಯ ಲಾಭವು ನಿಂತುಹೋಗಿ, ಇಬ್ಬರ ತೂಕವೂ ಉದ್ದನೆಯ ಚೌಕಟ್ಟಿನ ಭಾರವೂ ಉಳಿಯುತ್ತವೆ, ತುಳಿತದ ಲಯವು ತಪ್ಪಿದರೆ ಸಮತೋಲವೂ ಕೆಡುತ್ತದೆ. ಸೀರೆಯುಟ್ಟು ಬಾರಿನ ಸೈಕಲ್ಲನ್ನು ತುಳಿಯಲಾಗದು, ಹೆಣ್ಣುಮಕ್ಕಳಿಗೆ ತುಳಿಯಲು ಕಲಿಸಿದವರೂ ಇರಲಿಲ್ಲ. ಹಬ್ಬಜಾತ್ರೆಗಳ ಕಾಲದಲ್ಲಿ ಊರಿನ ಮೈದಾನದಲ್ಲಿ ಹಗಲಿರುಳು ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ ಪ್ರದರ್ಶನಕಾರರ ತಂಡಗಳಲ್ಲಿ ಒಮ್ಮೊಮ್ಮೆ ಹೆಂಗಸರೂ ಇರುತ್ತಿದ್ದರು. ಎಷ್ಟೋ ಹಳ್ಳಿಗಳು ಸೈಕಲ್ಲು ತುಳಿಯುವ ಸ್ತ್ರೀಯನ್ನು ಮೊದಲು ಕಂಡುದು ಅಲ್ಲಿ, ಧ್ವನಿವರ್ಧಕದ ಗದ್ದಲದ ನಡುವೆ, ವಿನೋದದ ವಸ್ತುವಾಗಿ. ಈ ಸ್ಥಿತಿಯನ್ನು ಬುಡಮಟ್ಟ ಬದಲಾಯಿಸಿದ ಕೀರ್ತಿಯು 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಉಚಿತವಾಗಿ ಸೈಕಲ್ಲು ಕೊಡಲಾರಂಭಿಸಿದ ಯೋಜನೆಗೆ ಸಲ್ಲಬೇಕು. ಅಜ್ಜಿಯು ಕ್ಯಾರಿಯರಿನಲ್ಲಿ ಕುಳಿತ ದಾರಿಯಲ್ಲಿ ಮೊಮ್ಮಗಳು ಸಮವಸ್ತ್ರ ಧರಿಸಿ ತಾನೇ ತುಳಿದು ಶಾಲೆಗೆ ಹೋದಳು.

ಇಷ್ಟರಲ್ಲಿ ದಂಪತಿಗಳು ಸೈಕಲ್ಲನ್ನು ಬಿಟ್ಟಿದ್ದರು. 1972ರ ಲೂನಾ, ಇಬ್ಬರನ್ನು ಹೊರತಕ್ಕದ್ದೆಂಬ ಹೆಗ್ಗಳಿಕೆಯೊಡನೆ 1980ರಲ್ಲಿ ಬಂದ ಟಿವಿಎಸ್ 50, ಆ ಬಳಿಕ ಸ್ಕೂಟರು, ಬೈಕು. ಏರು ಗೆದ್ದಿತು, ಆದರೆ ಹಿಂದೆ ಕುಳಿತವಳು ಹೊರೆಯಾಗಿಯೇ ಉಳಿದಳು.

ಈ ಹೊರೆಯನ್ನು ಇಳಿಸಬಲ್ಲ ವಿದ್ಯುತ್ತಿನ ಕಥೆಗೆ ಬರೋಣ. ಮಾಸ್ತಿಕಟ್ಟೆಯಂತೂ ಅದರ ಮನೆಯಂಗಳವೇ ಆಗಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. 1948ರಲ್ಲಿ ಜೋಗದಲ್ಲಿಯೂ 1964ರಿಂದ ಲಿಂಗನಮಕ್ಕಿಯ ನೀರಿನಿಂದ ಶರಾವತಿಯ ದೊಡ್ಡ ವಿದ್ಯುದಾಗಾರದಲ್ಲಿಯೂ ಉತ್ಪಾದನೆ ಮೊದಲಾಯಿತು. ವಾರಾಹಿ ನದಿಯ ಸರದಿ ಬಂದಾಗ ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ಅಣೆಕಟ್ಟನ್ನು ಕಟ್ಟಿ, ನೀರನ್ನು ಘಟ್ಟದ ಹೊಟ್ಟೆಯೊಳಗಿನಿಂದ ಕೆಳಗಿಳಿಸಿ, ಹೊಸಂಗಡಿಯ ಬಳಿ ಭೂಮಿಯ ಒಳಗೇ ವಿದ್ಯುದಾಗಾರವನ್ನು ನಿರ್ಮಿಸಿದರು. ಕರ್ನಾಟಕದ ಈ ಪ್ರಥಮ ಭೂಗರ್ಭ ವಿದ್ಯುದಾಗಾರದಲ್ಲಿ 1989ರಲ್ಲಿ ಉತ್ಪಾದನೆ ಆರಂಭವಾಗಿ, 2009ರಲ್ಲಿ ಎರಡನೆಯ ಹಂತವೂ ಸೇರಿ, 115 ಮೆಗಾವ್ಯಾಟಿನ ನಾಲ್ಕು ಘಟಕಗಳಿಂದ ಸಾಮರ್ಥ್ಯವು 460 ಮೆಗಾವ್ಯಾಟಿಗೆ ಮುಟ್ಟಿತು. ಮಾಸ್ತಿಕಟ್ಟೆಯಲ್ಲಿ ವಿದ್ಯುತ್ ನಿಗಮದ ಕಾಲೊನಿ ಎದ್ದಿತು. ನಾಡಿನ ನಾನಾ ಭಾಗಗಳಿಂದ ಬಂದ ಕೆಲಸಗಾರರ ಸಂಸಾರಗಳು ಆ ಮಳೆಯಲ್ಲಿ ಬಾಳು ಹೂಡಿದುವು. ಸಮೀಪದ ಕುಂಚಿಕಲ್ಲಿನಲ್ಲಿ 455 ಮೀಟರು ಹಂತಹಂತವಾಗಿ ಧುಮುಕುತ್ತಿದ್ದ ವಾರಾಹಿಯು ಅಂದಿನಿಂದ ಮಳೆಗಾಲದಲ್ಲಿ ಮಾತ್ರ ಮೈದುಂಬಿ ಕಾಣುವಂತಾದಳು. ಈ ಪ್ರಗತಿಗೆ ಶರಾವತಿ, ವಾರಾಹಿಗಳ ಮುಳುಗಡೆಯ ಜನರು ಮನೆ, ಗದ್ದೆ, ತೋಟಗಳನ್ನು ತೆತ್ತರು. ಅವರಲ್ಲಿ ಅನೇಕರ ಹೊಸ ಬಿಡಾರಗಳಲ್ಲಿ ಬಹುಕಾಲ ಉರಿದುದು ಸೀಮೆಎಣ್ಣೆಯ ಬುಡ್ಡಿ. ಇಲ್ಲಿಯ ನೀರು ಊರೂರನ್ನು ಬೆಳಗಿದ ಕಥೆಯನ್ನು ಹೇಳುವ ಯಾರೂ ಈ ಅನ್ಯಾಯವನ್ನು ಬಿಟ್ಟು ಹೇಳಲಾಗದು.

ಸೈಕಲ್ಲಿಗೆ ವಿದ್ಯುತ್ತನ್ನು ಕೂಡಿಸುವ ಯೋಚನೆ ಹೊಸದಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತನು ಹಿಂದಿನ ಗಾಲಿಯ ಗುಂಬದಲ್ಲಿಯೇ ಮೋಟರನ್ನಿಟ್ಟ ಸೈಕಲ್ಲಿಗೆ ಪೇಟೆಂಟು ಪಡೆದುದು 1895ರ ಡಿಸೆಂಬರ್ 31ರಂದು, ಕ್ಯೂರಿ ದಂಪತಿಗಳು ಸೈಕಲ್ಲೇರಿ ಹೊರಟ ವರ್ಷವೇ. ಸೀಸದ ಬ್ಯಾಟರಿಯ ಭಾರದಿಂದ ಆ ಯೋಚನೆಯು ಒಂದು ಶತಮಾನ ಹಿಂದೆಯೇ ಉಳಿದು, 1991ರಲ್ಲಿ ಲಿಥಿಯಮ್-ಅಯಾನ್ ಬ್ಯಾಟರಿ ಪೇಟೆಗೆ ಬಂದ ಬಳಿಕ, 1993ರಲ್ಲಿ ಜಪಾನಿನ ಯಮಾಹಾ ಸಂಸ್ಥೆಯು ತುಳಿದಷ್ಟಕ್ಕೆ ತಕ್ಕಂತೆ ನೆರವಾಗುವ ಮೋಟರನ್ನು ಹೊರತಂದ ಬಳಿಕ, ಕ್ರಮೇಣ ಕೈಗೂಡಿತು. ನಮ್ಮ ದೇಶದ ನಿಯಮಗಳ ಪ್ರಕಾರ ಮೋಟರಿನ ಶಕ್ತಿ 250 ವ್ಯಾಟಿಗೂ ವೇಗವು ಗಂಟೆಗೆ 25 ಕಿಲೋಮೀಟರಿಗೂ ಮೀರದಿದ್ದರೆ ನೋಂದಣಿಯೂ ಲೈಸೆನ್ಸೂ ಬೇಕಾಗಿಲ್ಲ.

ಈ ಸಣ್ಣ ಮೋಟರು ಬಾಳೆಬರೆಯ ಏರಿಗೆ ಸಾಲುವುದೇ? ಲೆಕ್ಕ ಹಾಕಿ ನೋಡೋಣ. ಸಾಧಾರಣ ಮೈಕಟ್ಟಿನ ಇಬ್ಬರು, ಅವರ ಜೋಡಿಸೈಕಲ್ಲು, ಎಲ್ಲ ಸೇರಿ 160 ಕಿಲೋಗ್ರಾಮು ತೂಗುತ್ತಾರೆಂದೂ ಏರಬೇಕಾದ ಎತ್ತರ 500 ಮೀಟರೆಂದೂ ಇಟ್ಟುಕೊಂಡರೆ, ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿಯು ವಿದ್ಯುತ್ತಿನ ಒಂದು ಯೂನಿಟ್ಟಿನ ಕಾಲುಭಾಗಕ್ಕಿಂತ ಕಡಿಮೆ. ಘರ್ಷಣೆ, ಮೋಟರು, ಬ್ಯಾಟರಿಗಳಲ್ಲಾಗುವ ನಷ್ಟವನ್ನು ಸೇರಿಸಿದರೂ ಅರ್ಧ ಯೂನಿಟ್ಟನ್ನು ದಾಟದು. ಇಬ್ಬರೂ ಕಾಲು ಕೂಡಿಸಿದರೆ ಅದರಲ್ಲಿಯೂ ಒಂದು ಪಾಲು ಉಳಿಯುತ್ತದೆ. ಇದನ್ನೇ ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಇನ್ನೂ ಮನಮುಟ್ಟುತ್ತದೆ. ವಾರಾಹಿಯ ನೀರು ವಿದ್ಯುದಾಗಾರಕ್ಕೆ ಇಳಿಯುವುದೂ ಹೆಚ್ಚುಕಡಿಮೆ ಇಷ್ಟೇ ಎತ್ತರದಿಂದ. ದಾರಿಯ ನಷ್ಟವನ್ನು ಬದಿಗಿಟ್ಟರೆ, ಆ ದಂಪತಿಗಳು ಘಟ್ಟವೇರಲು ಅವರ ತೂಕದಷ್ಟೇ, ಅಂದರೆ ಹತ್ತು ಹನ್ನೊಂದು ಕೊಡ, ನೀರು ಘಟ್ಟವಿಳಿಯಬೇಕು. ನಷ್ಟವನ್ನು ಲೆಕ್ಕಕ್ಕೆ ಹಿಡಿದರೆ ಅದರ ಇಮ್ಮಡಿ. ಮಾಸ್ತಿಕಟ್ಟೆಯಲ್ಲಿ ಆಷಾಢದ ಒಂದು ಜೋರುಮಳೆಗೆ ಒಂದು ಮನೆಯ ಸೂರಿನಿಂದ ಅದಕ್ಕಿಂತ ಹೆಚ್ಚು ನೀರು ಸುರಿದುಹೋಗುತ್ತದೆ. ಇಷ್ಟು ಅಲ್ಪವಾದ ಶಕ್ತಿಯು ದೊರೆಯದೆ ನಮ್ಮ ಹಿರಿಯರು ತಲೆಮಾರುಗಳ ಕಾಲ ಸೈಕಲ್ಲಿನಿಂದಿಳಿದು ಏರನ್ನು ತಳ್ಳುತ್ತ ನಡೆದರು.

ವಿದ್ಯುತ್ತಿನ ಜೋಡಿಸೈಕಲ್ಲಿನ ವೈಶಿಷ್ಟ್ಯವಿರುವುದು ಏರು ಹತ್ತುವುದರಲ್ಲಿ ಮಾತ್ರವಲ್ಲ. ಏರು ಹತ್ತಲು ಸ್ಕೂಟರು ಸಾಕು. ಇಲ್ಲಿ ಹಿಂದೆ ಕುಳಿತವರೂ ತುಳಿಯುತ್ತಾರೆ, ಒಬ್ಬರ ಕಾಲಬಲ ಇನ್ನೊಬ್ಬರದಕ್ಕಿಂತ ಕಡಿಮೆಯಾದರೆ ಆ ಕೊರತೆಯನ್ನು ಮೋಟರು ತುಂಬುತ್ತದೆ. ಆದುದರಿಂದಲೇ ಹೊರದೇಶಗಳಲ್ಲಿ ಪ್ರಾಯ ಸಂದ ದಂಪತಿಗಳು, ದೃಷ್ಟಿಹೀನರಾದ ಸಂಗಾತಿಯುಳ್ಳವರು ಇದನ್ನು ಮೆಚ್ಚಿಕೊಂಡಿದ್ದಾರೆ. ನಮ್ಮಲ್ಲಿ 2017ರಲ್ಲಿ ಮೈಸೂರು ನಗರವು 450 ಸೈಕಲ್ಲುಗಳೊಡನೆ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ಲಿನ ವ್ಯವಸ್ಥೆಯನ್ನು ಆರಂಭಿಸಿ ದೇಶಕ್ಕೆ ಮಾದರಿಯಾಯಿತು. ಮಲೆನಾಡಿನ ಪೇಟೆಗಳೂ ಈ ಬಗೆಯಲ್ಲಿ ಯೋಚಿಸಬಾರದೇಕೆ? ಘಾಟಿಯ ಇಕ್ಕಟ್ಟಾದ ತಿರುವುಗಳಲ್ಲಿ, ಲಾರಿಗಳ ನಡುವೆ, ಮಳೆಗಾಲದ ಮಂಜಿನಲ್ಲಿ ಇಂಥ ಉದ್ದನೆಯ ಸೈಕಲ್ಲನ್ನು ಒಯ್ಯುವುದು ಅವಿವೇಕವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಮಳೆ ಬಿಟ್ಟ ದಿನಗಳಲ್ಲಿ, ಘಟ್ಟದ ಮೇಲಣ ಹಳ್ಳಿರಸ್ತೆಗಳಲ್ಲಿ, ತೋಟದಿಂದ ಪೇಟೆಗೆ, ಮನೆಯಿಂದ ಜಾತ್ರೆಗೆ ಹೋಗಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಹೊಸದು ಬರಲಿ, ಹಳೆಯದರ ದಾಖಲೆ ಅದಕ್ಕಿಂತ ಮೊದಲೇ ಅಳಿದುಹೋಗದಿರಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಮನೆಗಳ ಅಟ್ಟಗಳಲ್ಲಿ ಪುರಸಭೆಯ ಸೈಕಲ್ ಬಿಲ್ಲೆಗಳು, ಬಾಡಿಗೆ ಅಂಗಡಿಯ ಲೆಕ್ಕದ ಪುಸ್ತಕಗಳು, ಹೊಸ ಮದುಮಕ್ಕಳು ಸೈಕಲ್ಲಿನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಸ್ಟುಡಿಯೋ ಚಿತ್ರಗಳು ಇನ್ನೂ ಇವೆ. ಕ್ಯಾರಿಯರಿನ ಮೇಲೆ ಕುಳಿತು ತವರಿಗೆ ಹೋದ ಅಜ್ಜಿಯಂದಿರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ. ಆ ಬಿಲ್ಲೆ, ಪುಸ್ತಕ, ಚಿತ್ರಗಳನ್ನು ಗುಜರಿಯವನಿಗೆ ಹಾಕದೆ ತೆಗೆದಿಡಿರಿ. ಚಿತ್ರದ ಬೆನ್ನಿನ ಮೇಲೆ ಹೆಸರು, ಊರು, ಇಸವಿಗಳನ್ನು ಬರೆಯಿರಿ. ಅಜ್ಜಿಯರನ್ನು ಕೂರಿಸಿಕೊಂಡು, ಯಾವ ದಾರಿಯಲ್ಲಿ ಹೋದಿರಿ, ಎಲ್ಲಿ ಇಳಿದಿರಿ, ಯಾರಿಗೆ ಅಂಜಿದಿರಿ ಎಂಬುದನ್ನು ಕೇಳಿ ಬರೆದುಕೊಳ್ಳಿರಿ.